ಅಕ್ವೇರಿಯಂ ತಳದ ಗಾಜಿನ ರಕ್ಷಣೆ: ಭಾರವಾದ ಕಲ್ಲುಗಳನ್ನು ಇರಿಸುವ ಕ್ರಮ

ಅಲಂಕಾರಿಕ ಮೀನು ಸಾಕುವ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಹಾಗೂ 45 ಸೆಂ.ಮೀ. ಎತ್ತರದ ಒಳ ಅಳತೆಯುಳ್ಳ ತೊಟ್ಟಿಯಲ್ಲಿ ಸುಮಾರು 180 ಕಿ.ಗ್ರಾಂ. ನೀರು ಹಿಡಿಯುತ್ತದೆ. ಈ ಭಾರವು ತಳದ ಮೇಲೆ ಸಮನಾಗಿ ಹರಡುವುದರಿಂದ ಗಾಜು ಅದನ್ನು ತಾಳಿಕೊಳ್ಳುತ್ತದೆ. ಆದರೆ ಕಲ್ಲಿನ ಚೂಪಾದ ಮೂಲೆಯು ಒಂದೇ ಬಿಂದುವಿನಲ್ಲಿ ಒತ್ತಿದಲ್ಲಿ ಅಥವಾ ಕಲ್ಲು ಉರುಳಿ ಬಿದ್ದಲ್ಲಿ, ಕಡಿಮೆ ಭಾರಕ್ಕೂ ಗಾಜು ಬಿರುಕು ಬಿಡಬಹುದು.

ಅನುಸರಿಸಬೇಕಾದ ಕ್ರಮಗಳು:

1. ಚೌಕಟ್ಟಿಲ್ಲದ ತೊಟ್ಟಿಯನ್ನು ಸಮತಟ್ಟಾದ ಮೇಜಿನ ಮೇಲೆ, ಅಡಿಯಲ್ಲಿ ಥರ್ಮೋಕೋಲ್ ಹಾಳೆ ಹಾಸಿ ಇರಿಸುವುದು.

2. ತೊಟ್ಟಿಯೊಳಗೆ ಕಲ್ಲು ಇಡುವ ಜಾಗದಲ್ಲಿ ಅಕ್ರಿಲಿಕ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸುವುದು.

3. ಅದರ ಮೇಲೆ, ಅಗಲವಾದ ಮುಖ ಕೆಳಗಾಗುವಂತೆ ಕಲ್ಲುಗಳನ್ನು ಇರಿಸಿ, ಅನಂತರ ಮರಳನ್ನು ತುಂಬುವುದು. ಮರಳಿನ ಮೇಲೆ ಕಲ್ಲನ್ನಿಟ್ಟಲ್ಲಿ, ಸಿಕ್ಲಿಡ್‌ನಂತಹ ಮೀನುಗಳು ಮರಳನ್ನು ತೋಡುವುದರಿಂದ ಕಲ್ಲು ಕುಸಿಯುವ ಸಂಭವವಿರುತ್ತದೆ.

4. ಒಂದರ ಮೇಲೊಂದು ಇಡುವ ಕಲ್ಲುಗಳನ್ನು ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಅಂಟಿನಿಂದ ಜೋಡಿಸಿ, ಅಂಟು ಪೂರ್ಣವಾಗಿ ಒಣಗಿದ ನಂತರವೇ ನೀರು ತುಂಬುವುದು.

5. ನೀರಿನೊಳಗೆ 10 ಕಿ.ಗ್ರಾಂ. ಗ್ರಾನೈಟ್ ಕಲ್ಲು ತಳವನ್ನು ಒತ್ತುವ ಭಾರ ಸುಮಾರು 6 ಕಿ.ಗ್ರಾಂ. ಮಾತ್ರ. ನೀರು ಖಾಲಿಯಾದಾಗ ಅದರ ಪೂರ್ಣ ಭಾರ ಗಾಜಿನ ಮೇಲೆ ಬೀಳುತ್ತದೆ. ಆದ್ದರಿಂದ ತೊಟ್ಟಿಯನ್ನು ಸ್ಥಳಾಂತರಿಸುವ ಮುನ್ನ ಕಲ್ಲುಗಳನ್ನು ಹೊರತೆಗೆಯತಕ್ಕದ್ದು.

ವಿಶೇಷ ಸೂಚನೆ: ಗಾಜಿನಲ್ಲಿ ಬಿರುಕು ಕಂಡುಬಂದಲ್ಲಿ, ನೀರಿಗೆ ಕೈ ಹಾಕುವ ಮೊದಲು ಹೀಟರ್ ಮತ್ತು ಪಂಪ್‌ಗಳ ವಿದ್ಯುತ್ ಸಂಪರ್ಕವನ್ನು ಕಡ್ಡಾಯವಾಗಿ ಕಡಿತಗೊಳಿಸುವುದು. ತದನಂತರ ಅದೇ ತೊಟ್ಟಿಯ ನೀರು ತುಂಬಿದ ಬಕೆಟ್‌ಗೆ ಮೀನುಗಳನ್ನು ವರ್ಗಾಯಿಸಿ, ತೊಟ್ಟಿಯನ್ನು ಖಾಲಿ ಮಾಡುವುದು. ಬಿರುಕು ಬಿಟ್ಟ ಗಾಜನ್ನು ಬದಲಿಸದೆ ಮತ್ತೆ ನೀರು ತುಂಬಬಾರದು.