ಯೂಕ್ಲಿಡ್ ಹೋದ, ಯೂಕ್ಲಿಡ್ ಬಂದ

5 ಸ್ವಯಂಸಿದ್ಧಗಳು, 21 ಪ್ರಮೇಯಗಳು, 6 ಉಪಪ್ರಮೇಯಗಳು, 22 ರಚನೆಗಳು. ಐರ್ಲೆಂಡಿನ ಹೈಸ್ಕೂಲು ಮಕ್ಕಳಿಗೆ 2010ರ ಪಠ್ಯಕ್ರಮ ಕೊಟ್ಟ ರೇಖಾಗಣಿತ ಅಂದ್ರೆ ಇಷ್ಟೇ. ಇಷ್ಟೇ ಅಂದ್ನಲ್ಲ, ಈ ಪಟ್ಟಿ ಹೀಗಾಗೋಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿದಿದೆ. ಮಕ್ಕಳು ತ್ರಿಭುಜ ಯಾಕೆ ಕಲೀಬೇಕು ಅನ್ನೋ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ.

1847ರಲ್ಲಿ ಆಲಿವರ್ ಬರ್ನ್ ಅನ್ನೋ ಐರಿಷ್ ಸಿವಿಲ್ ಎಂಜಿನಿಯರ್ ಯೂಕ್ಲಿಡ್‌ನ ಮೊದಲ ಆರು ಪುಸ್ತಕಗಳನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದ. ಎ, ಬಿ, ಸಿ ಅಕ್ಷರಗಳ ಬದಲು ಕೆಂಪು, ನೀಲಿ, ಹಳದಿ ತುಂಡುಗಳು. ನೋಡಿದರೆ ಅರ್ಥ ಆಗಬೇಕು ಅನ್ನೋದು ಅವನ ಗುರಿ. ಡಬ್ಲಿನ್‌ನ ಜಾನ್ ಕೇಸಿ ಮೇಷ್ಟ್ರದು ಬೇರೆ ದಾರಿ. 1881ರಲ್ಲಿ ಅವರ 'ಎ ಸೀಕ್ವೆಲ್ ಟು ಯೂಕ್ಲಿಡ್', ಮರುವರ್ಷ ಅವರದೇ ಯೂಕ್ಲಿಡ್ ಆವೃತ್ತಿ. ಯೂಕ್ಲಿಡ್ ಹೇಳಿದ ಕ್ರಮದಲ್ಲೇ ಓದು, ಅಭ್ಯಾಸ ಮಾಡು, ಬುದ್ಧಿ ಚುರುಕಾಗುತ್ತೆ. ಆಮೇಲೆ 1901ರಲ್ಲಿ ಗ್ಲಾಸ್ಗೋದಲ್ಲಿ ಜಾನ್ ಪೆರಿ (ಇವನೂ ಐರ್ಲೆಂಡಿನವನು, ಇವನೂ ಎಂಜಿನಿಯರ್ರೇ!) ಎದ್ದು ನಿಂತು, ಮಕ್ಕಳು ಅಳೀಲಿ, ಚೌಕುಳಿ ಹಾಳೆ ಮೇಲೆ ಬರೀಲಿ, ಉಪಯೋಗಕ್ಕೆ ಬರೋದನ್ನು ಕಲೀಲಿ ಅಂದ. 1903ರಲ್ಲಿ ಕೇಂಬ್ರಿಜ್ ಪರೀಕ್ಷೆಗಳು ಯೂಕ್ಲಿಡ್‌ನ ಕ್ರಮವೇ ಆಗಬೇಕು ಅನ್ನೋ ಹಟ ಬಿಟ್ಟವು.

ಉಪಯೋಗದ ಗಣಿತ ನಮಗೇನು ಹೊಸದಲ್ಲ ಬಿಡಿ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದವನು. ಕ್ಷೇತ್ರ ಅಂದ್ರೆ ಹೊಲವೂ ಹೌದು, ಆಕೃತಿಯೂ ಹೌದು. ಆ ಒಂದು ಪದದಲ್ಲೇ ಪೆರಿಯ ಅರ್ಧ ಭಾಷಣ ಇದೆ ಅನ್ಸುತ್ತೆ ನಂಗೆ.

1959ರಲ್ಲಿ ಫ್ರಾನ್ಸಿನ ರೊಯೊಮೋಂಟ್‌ನಲ್ಲಿ ಸೇರಿದ ಸಭೆಯಲ್ಲಿ ಡ್ಯುಡೊನೆ ಎಂಬ ಗಣಿತಜ್ಞ ಯೂಕ್ಲಿಡ್ ತೊಲಗಲಿ ಅಂತ ಘೋಷಣೆಯನ್ನೇ ಕೂಗಿದ. ಬೆಲ್ಜಿಯಂನ ಜಾರ್ಜ್ ಪಾಪಿ 1963ರಿಂದ ಹೊಸ ಥರದ ಪುಸ್ತಕಗಳನ್ನು ತಂದ: ಗಣಗಳು, ಸ್ಥಾನಾಂತರ, ಸಮಮಿತಿ. 1970ರ ದಶಕದಲ್ಲಿ ಐರ್ಲೆಂಡಿನ ಶಾಲೆಗಳೂ ಆ ಗಾಳಿಗೆ ಬಿದ್ದವು. ಆದ್ರೆ ಹಳೇ ಪ್ರಮೇಯಗಳನ್ನೂ ಪೂರ್ತಿ ಬಿಡಲಿಲ್ಲ. ಈ ಕಲಸುಮೇಲೋಗರದಲ್ಲಿ ಯಾವುದರಿಂದ ಯಾವುದು ಬಂತು ಅನ್ನೋ ಸರಪಳಿ ಕಳಚಿತು ಅನ್ನೋದು ಇಲ್ಲಿನ ಗಣಿತಜ್ಞರ ದೂರು.

ಸರಪಳಿ ಮತ್ತೆ ಕಟ್ಟಿದ್ದು ಕಾರ್ಕ್‌ನ ಪ್ಯಾಟ್ರಿಕ್ ಬ್ಯಾರಿ 2001ರಲ್ಲಿ ಬರೆದ ಪುಸ್ತಕದ ಆಧಾರದ ಮೇಲೆ. ಅದನ್ನು ಶಾಲೆಯ ಮಟ್ಟಕ್ಕೆ ಇಳಿಸಿದವರು ಲೂಕನ್‌ಗೆ ಹತ್ತಿರದ ಮೇನೂತ್‌ನ ಆಂಟನಿ ಓ'ಫ್ಯಾರೆಲ್. 'ಪ್ರಾಜೆಕ್ಟ್ ಮ್ಯಾಥ್ಸ್' ಹೆಸರಲ್ಲಿ 2008ರಲ್ಲಿ 24 ಶಾಲೆಗಳಲ್ಲಿ ಶುರುವಾಗಿ, 2010ರಲ್ಲಿ ದೇಶಕ್ಕೆಲ್ಲ ಬಂತು. ಯೂಕ್ಲಿಡ್ ವಾಪಸ್, ಆದ್ರೆ ರಿಪೇರಿ ಆಗಿ. ಎರಡು ಬಾಹು, ನಡುವಿನ ಕೋನ ಸಮ ಇದ್ರೆ ತ್ರಿಭುಜಗಳು ಸರ್ವಸಮ ಅನ್ನೋಕೆ ಯೂಕ್ಲಿಡ್ ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡ್ತಾನೆ. ಹಾಗೆ ಎತ್ತಬಹುದು ಅಂತ ಅವನ ಯಾವ ನಿಯಮವೂ ಹೇಳಲ್ಲ! ಇಲ್ಲಿ ಅದನ್ನು ನೇರವಾಗಿ ಸ್ವಯಂಸಿದ್ಧ ಅಂತಲೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆ ನಂಗೆ ಬಹಳ ಇಷ್ಟ.

ಇದೆಲ್ಲ ಹಳೇ ಕಥೆ, ಈಗ್ಯಾಕೆ ಅಂತೀರಾ? ನಮ್ಮ ಬೀದಿಯ ಕನ್ನಡದ ಹುಡುಗಿಯೊಬ್ಬಳು ಲೀವಿಂಗ್ ಸರ್ಟ್‌ಗೆ, ಅಂದ್ರೆ ನಮ್ಮ ಪಿಯುಸಿ ಥರದ ಪರೀಕ್ಷೆಗೆ ಓದ್ತಿದ್ದಾಳೆ. ಹೈಯರ್ ಲೆವೆಲ್‌ನವರು 11, 12, 13ನೇ ಪ್ರಮೇಯಗಳ ಸಾಧನೆ ಬರೆಯೋಕೆ ಬರಬೇಕು. 12ನೆಯದು ನಮ್ಮ ಥೇಲ್ಸ್ ಪ್ರಮೇಯವೇ. ಅವಳಪ್ಪ ಖುಷಿಯಾಗಿ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಎಸ್ಸೆಸ್ಸೆಲ್ಸಿಯ ಕ್ರಮದಲ್ಲೇ ವಿಸ್ತೀರ್ಣ ಹಿಡಿದು ಹೇಳಿಕೊಟ್ಟರು. "ಅಣ್ಣಾ, ಅಪ್ಪಂದು ಬರೆದ್ರೆ ನಡಿಯುತ್ತಾ? ಪುಸ್ತಕದಲ್ಲಿ ಬೇರೆ ಇದೆ" ಅಂದ್ಲು.

ಪುಸ್ತಕದ ಸಾಧನೆ ಬಾಹುವನ್ನು ಸಮ ತುಂಡುಗಳಾಗಿ ಕತ್ತರಿಸಿ, 11ನೇ ಪ್ರಮೇಯ ಬಳಸುತ್ತೆ. ಅನುಪಾತ ಪೂರ್ಣಾಂಕಗಳಲ್ಲಿ ಸಿಕ್ಕಾಗ ಮಾತ್ರ ಸರಿ. ಅಷ್ಟನ್ನೇ ಸಾಧಿಸ್ತೀವಿ ಅಂತ ಪಠ್ಯಕ್ರಮವೇ ಹೇಳುತ್ತೆ. ಅಪ್ಪನ ಸಾಧನೆಗೆ ಆ ಮಿತಿ ಇಲ್ಲ, ನೋಡೋಕೆ ಅದೇ ಚೆಂದ. ಆದ್ರೆ ಅದು ಒಂದೇ ತ್ರಿಭುಜದ ವಿಸ್ತೀರ್ಣವನ್ನು ಎರಡು ಬೇರೆ ಪಾದ ಹಿಡಿದು ಲೆಕ್ಕ ಹಾಕುತ್ತೆ. ಯಾವ ಪಾದ ಹಿಡಿದರೂ ಪಾದ ಗುಣಿಸು ಎತ್ತರ ಒಂದೇ ಅನ್ನೋದು ಇಲ್ಲಿ 16ನೇ ಪ್ರಮೇಯ. ಅದರ ಸಾಧನೆಗೆ 13 ಬೇಕು, 13ಕ್ಕೆ 12 ಬೇಕು! ನಮ್ಮೂರಿನ ಪುಸ್ತಕದಲ್ಲಿ ವಿಸ್ತೀರ್ಣ ಮೊದಲೇ ಗೊತ್ತಿರೋದರಿಂದ ಅಲ್ಲಿ ತಪ್ಪಲ್ಲ, ಇಲ್ಲಿನ ಸರಪಳಿಯಲ್ಲಿ ಮಾತ್ರ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ. ಹಾಳೆ ಮೇಲೆ ಬಾಣ ಎಳೆದು ತೋರಿಸಿದೆ. ಅವಳು ಅದೇ ಹಾಳೆ ಹಿಡಿದು ಅಪ್ಪನ ಹತ್ರ ವಾದ ಮಾಡೋಕೆ ಹೋದ್ಲು. ಅಂಕ ಕೊಡೋದು ಬಿಡೋದು ಪರೀಕ್ಷಕರಿಗೆ ಬಿಟ್ಟದ್ದು.