ಮಲಗುವ ಮುನ್ನ ಒಂದು ಮಾತು: ಕಂಪ್ಯೂಟರಿನೊಳಗಿನ ಡಂಗುರದ ಕಥೆ

ಗಜೇಂದ್ರಗಡದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುತ್ತಾನೆ. ಅವನ ಕೆಲಸವೇನೆಂದು ಕೇಳಿದಾಗ, "ಸರ್, ಮಷೀನ ಮಲಗೂಕಿಂತ ಮದಲ ಪ್ರೋಗ್ರಾಮಿಗೆ ಸುದ್ದಿ ಮುಟ್ಟಸೂದರಿ" ಎಂದ. ಇತಿಹಾಸದ ಮೇಷ್ಟ್ರಾದ ನನಗೆ ಇದರ ಹಿಂದೊಂದು ಇತಿಹಾಸವಿರಬೇಕೆನಿಸಿತು. ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ರೋಣದ ಕಡೆಯ ಪ್ರೌಢಶಾಲೆಗಳಲ್ಲಿ ಕಲಿತ ನಿಮಗೆ ಆ ಕಂಪ್ಯೂಟರ್ ಕೋಣೆ ನೆನಪಿರಬಹುದು. ಕರೆಂಟು ಹೋದೊಡನೆ ಯುಪಿಎಸ್ ಕೀರಲು ದನಿಯಲ್ಲಿ ಕೂಗುತ್ತಿತ್ತು. ಆ ಕೂಗು ಮಕ್ಕಳಿಗೆ ಕೇಳುತ್ತಿತ್ತೇ ಹೊರತು ಕಂಪ್ಯೂಟರಿಗೆ ಕೇಳುತ್ತಿರಲಿಲ್ಲ. ಎರಡರ ನಡುವೆ ಸುದ್ದಿ ಒಯ್ಯುವ ತಂತಿಯನ್ನು ಯಾರೂ ಜೋಡಿಸಿರಲಿಲ್ಲ. 'ನುಡಿ'ಯಲ್ಲಿ ಬೆರಳಚ್ಚಿಸಿದ ಪ್ರಬಂಧ ಉಳಿಯುವುದೂ ಅಳಿಯುವುದೂ ಬಾಗಿಲ ಬಳಿ ಕುಳಿತ ಹುಡುಗನ ಗಂಟಲನ್ನೇ ಅವಲಂಬಿಸಿತ್ತು.

ಯಂತ್ರವೇ ಯಂತ್ರಕ್ಕೆ ಡಂಗುರ ಸಾರುವ ಆಲೋಚನೆಯೇನೂ ಹೊಸದಲ್ಲ. ಎಟಿ ಅಂಡ್ ಟಿ ಕಂಪನಿ 1983ರಲ್ಲಿ ಹೊರತಂದ ಸಿಸ್ಟಂ ಫೈವ್ ಯುನಿಕ್ಸ್‌ನಲ್ಲಿ ವಿದ್ಯುತ್ ವೈಫಲ್ಯಕ್ಕೆಂದೇ 'ಸಿಗ್‌ಪವರ್' ಎಂಬ ಸಂಕೇತವಿತ್ತು. ಮಡಿಲ ಮೇಲಿಡುವ ಲ್ಯಾಪ್‌ಟಾಪುಗಳು ಬಂದ ಮೇಲೆ ಈ ಸಮಸ್ಯೆ ಮನೆಮನೆಯದಾಯಿತು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕೂಡಿ ಎಪಿಎಂ ಎಂಬ ಕಟ್ಟಳೆ ರೂಪಿಸಿದವು. ಅದರಲ್ಲಿ ಬಹುಮಟ್ಟಿಗೆ ಯಜಮಾನಿಕೆ ಯಂತ್ರದ ಮೂಲ ತಂತ್ರಾಂಶವಾದ ಬಯಾಸ್‌ನದು, ಕಾರ್ಯಾಚರಣಾ ವ್ಯವಸ್ಥೆಯು ಸೆಕೆಂಡಿಗೊಮ್ಮೆಯಾದರೂ ಅದರ ಬಳಿ ಹೋಗಿ "ಏನಾದರೂ ಸುದ್ದಿ ಇದೆಯೇ?" ಎಂದು ವಿಚಾರಿಸಬೇಕಿತ್ತು. ಅಂಚೆಯವನು ಬರಲೆಂದು ಕಾಯದೆ ನಾವೇ ಅಂಚೆಕಚೇರಿಗೆ ಅಲೆದಂತೆ! 1996ರ ಡಿಸೆಂಬರಿನಲ್ಲಿ ತೋಶಿಬಾವೂ ಸೇರಿ ಪ್ರಕಟಿಸಿದ ಎಸಿಪಿಐ ಕಟ್ಟಳೆ ಈ ಕ್ರಮವನ್ನು ತಿರುಗಿಸಿತು. ಯಜಮಾನಿಕೆ ಕಾರ್ಯಾಚರಣಾ ವ್ಯವಸ್ಥೆಗೆ ಬಂತು, ಸುದ್ದಿ ತಾನಾಗಿಯೇ ಅದರ ಬಾಗಿಲು ತಟ್ಟತೊಡಗಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಹಂತ, ಅಂದರೆ ವ್ಯವಸ್ಥೆಯು ಆ ಸುದ್ದಿಯನ್ನು ಪ್ರೋಗ್ರಾಮುಗಳಿಗೆ ತಲುಪಿಸುವ ಬಗೆ. ವಿಂಡೋಸ್ 95ರಿಂದ ಎಕ್ಸ್‌ಪಿಯವರೆಗೆ ವ್ಯವಸ್ಥೆಯು ನಿದ್ರಿಸುವ ಮುನ್ನ ಪ್ರತಿಯೊಂದು ಪ್ರೋಗ್ರಾಮಿನ ಅನುಮತಿ ಬೇಡುತ್ತಿತ್ತು. ಅವುಗಳಲ್ಲೊಂದು "ಬೇಡ" ಎಂದರೂ ನಿದ್ರೆ ರದ್ದಾಗಬಹುದಿತ್ತು. ಬ್ಯಾಟರಿ ತೀರಾ ಬಸವಳಿದಾಗ ಮಾತ್ರ ಕೇಳುವುದಕ್ಕೆ ಪುರುಸೊತ್ತಿರಲಿಲ್ಲ. ಎಚ್ಚರವಾದ ಮೇಲೆ "ಹೀಗಾಯಿತು" ಎಂದು ತಿಳಿಸಲಾಗುತ್ತಿತ್ತು. ಪ್ರಜಾಪ್ರಭುತ್ವವೇನೋ ಚಂದ. ಆದರೆ ಚೀಲದೊಳಗೆ ಮುಚ್ಚಿಟ್ಟ ಲ್ಯಾಪ್‌ಟಾಪು ಯಾವುದೋ ಒಂದು ಹಟಮಾರಿ ಪ್ರೋಗ್ರಾಮಿನಿಂದಾಗಿ ಎಚ್ಚರವಾಗಿಯೇ ಉಳಿದು, ಕಾದು, ಬ್ಯಾಟರಿ ಬರಿದಾಗಿಸಿಕೊಳ್ಳುವ ಸಂಭವವಿತ್ತು. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಈ ನಿರಾಕರಣೆಯ ಹಕ್ಕನ್ನು ತೆಗೆದುಹಾಕಿದರು. ಅಂದಿನಿಂದ ಕೇಳುವುದಿಲ್ಲ, ಹೇಳುವುದಷ್ಟೇ. ಹೇಳಿದ ಮೇಲೆ ಗಂಟುಮೂಟೆ ಕಟ್ಟಲು ಪ್ರೋಗ್ರಾಮಿಗೆ ದೊರೆಯುವುದು ಸುಮಾರು ಎರಡು ಸೆಕೆಂಡು.

ಇದನ್ನು ಓದುವಾಗ ನನಗೆ ನೆನಪಾದದ್ದು 2019ರ ಆಗಸ್ಟಿನ ಮಲಪ್ರಭೆ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ನರಗುಂದ ತಾಲೂಕಿನ ಲಖಮಾಪುರ, ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು, ಮೆಣಸಗಿಗಳ ಜನ ಪಟ್ಟ ಪಾಡನ್ನು ನೀವೂ ಬಲ್ಲಿರಿ. ತುಂಬಿದ ಅಣೆಕಟ್ಟು ಕೆಳಗಿನ ಊರುಗಳ ಒಪ್ಪಿಗೆಗಾಗಿ ಕಾಯಲಾರದು, ಕಾಯಲೂಬಾರದು. ಆದರೆ ದನಕರು ಬಿಚ್ಚಿಕೊಂಡು, ಕಾಳಿನ ಚೀಲ ಹೊತ್ತು, ಮುದುಕರನ್ನು ಕರೆದೊಯ್ಯುವಷ್ಟು ಮುಂಚೆ ಸುದ್ದಿ ಬರಬೇಕಲ್ಲ? ಆದ್ದರಿಂದ ನಿರಾಕರಣೆಯ ಹಕ್ಕು ಹೋದದ್ದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಆ ಎರಡು ಸೆಕೆಂಡಿನ ಬಗ್ಗೆ.

ಈ ಮಾತಿಗೆ ಹುಡುಗ ನಕ್ಕು, ಲಿನಕ್ಸ್ ವ್ಯವಸ್ಥೆಯ ಕ್ರಮವನ್ನು ವಿವರಿಸಿದ. ಅಲ್ಲಿ 'ಸಿಸ್ಟಂಡಿ' ಎಂಬ ಮೇಲ್ವಿಚಾರಕ ತಂತ್ರಾಂಶ ಪ್ರೋಗ್ರಾಮುಗಳಿಗೆ ಎರಡು ಬಗೆಯ ಬೀಗಗಳನ್ನು ಕೊಡುತ್ತದೆಯಂತೆ: ಒಂದು ತಡೆಯುವ ಬೀಗ, ಇನ್ನೊಂದು ತಡಮಾಡುವ ಬೀಗ. ತಡಮಾಡುವ ಬೀಗ ಹಿಡಿದವನು ಸುದ್ದಿ ಬಂದ ಮೇಲೆ ತನ್ನ ಕಡತಗಳನ್ನು ಉಳಿಸಿ, ಬೀಗ ಬಿಟ್ಟುಕೊಡಬೇಕು. ಬಿಡದಿದ್ದರೂ ಅವಧಿ ಮುಗಿದೊಡನೆ ಯಂತ್ರ ಮಲಗುತ್ತದೆ. ಯಾರೂ ಬದಲಿಸದಿದ್ದರೆ ಆ ಅವಧಿ ಐದು ಸೆಕೆಂಡು. ಬೇಕೆನಿಸಿದರೆ ಯಂತ್ರದ ಒಡೆಯ ಅದನ್ನು ಹೆಚ್ಚಿಸಿಕೊಳ್ಳಬಹುದು.