ಶ್ರೀರಂಗಪಟ್ಟಣ ಪದಕ

ಶ್ರೀರಂಗಪಟ್ಟಣ ಪದಕವು ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಗೆದ್ದ ಸೇನೆಗೆ ಈಸ್ಟ್ ಇಂಡಿಯಾ ಕಂಪನಿಯು ನೀಡಿದ ಪದಕ. 1799ರ ಮೇ 4ರಂದು ನಡೆದ ಅಂತಿಮ ದಾಳಿಯಲ್ಲಿ ಟಿಪ್ಪು ಸುಲ್ತಾನನು ಮರಣ ಹೊಂದಿದನು.

ಇತಿಹಾಸ

ಜನರಲ್ ಜಾರ್ಜ್ ಹ್ಯಾರಿಸ್‌ನ ನೇತೃತ್ವದ ಸೇನೆಯಲ್ಲಿ ಬ್ರಿಟಿಷ್ ಸೈನಿಕರಲ್ಲದೆ ಕಂಪನಿಯ ಭಾರತೀಯ ಸಿಪಾಯಿಗಳೂ ಹೈದರಾಬಾದಿನ ನಿಜಾಮನ ಪಡೆಯವರೂ ಇದ್ದರು. ಪದಕವನ್ನು ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಮುದ್ರಿಸಿ 1808ರಲ್ಲಿ ವಿತರಿಸಲಾಯಿತು. ಇದರ ಅಚ್ಚನ್ನು ಕೆತ್ತಿದವನು ಹಿಂದೆ ಜರ್ಮನಿಯ ನಗರಗಳಲ್ಲಿ ಕೆಲಸ ಮಾಡಿದ್ದ ಕಾನ್ರಾಡ್ ಹೈನ್ರಿಕ್ ಕ್ಯೂಕ್ಲರ್. ಕಲ್ಕತ್ತದ ಟಂಕಸಾಲೆಯಲ್ಲಿಯೂ ತುಸು ಚಿಕ್ಕ ಗಾತ್ರದ ಪದಕಗಳು ತಯಾರಾದವು.

ವಿನ್ಯಾಸ

ಸೋಹೊ ಪದಕದ ವ್ಯಾಸ ಸುಮಾರು 48 ಮಿ.ಮೀ. ಮುಮ್ಮುಖದಲ್ಲಿ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರವಿದೆ. ಸಿಂಹವು ಬ್ರಿಟನ್ನಿನ ಸಂಕೇತ, ಹುಲಿಯು ಟಿಪ್ಪುವಿನ ಲಾಂಛನ. ಮೇಲಿನ ಬಾವುಟದಲ್ಲಿ 'ದೇವರ ಸಿಂಹವೇ ವಿಜಯಿ' ಎಂಬರ್ಥದ ಅರೇಬಿಕ್ ಬರಹವಿದೆ. ಇದೇ ವಾಕ್ಯವು ಟಿಪ್ಪುವಿನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಕಂಡುಬರುತ್ತದೆ. ಹೀಗೆ ಸೋತ ಅರಸನ ಘೋಷವಾಕ್ಯವೇ ಗೆದ್ದವರ ಪದಕದಲ್ಲಿ ಸಿಂಹದ ಪಾಲಾಯಿತು. ಹಿಮ್ಮುಖದಲ್ಲಿ ಕೋಟೆಯ ಮೇಲಿನ ದಾಳಿಯ ದೃಶ್ಯವೂ ಅದರ ಕೆಳಗೆ ಪಾರಸಿ ಬರಹವೂ ಇವೆ. ಮೂಲತಃ ಪದಕಕ್ಕೆ ಪಟ್ಟಿಯಾಗಲಿ ತೂಗುಹಾಕುವ ಕೊಂಡಿಯಾಗಲಿ ಇರಲಿಲ್ಲ. ಪಡೆದವರು ತಾವೇ ಅಳವಡಿಸಿಕೊಳ್ಳುತ್ತಿದ್ದರು.

ದರ್ಜೆಗಳು

ಸೋಹೊ ಪದಕಗಳು ಪಡೆಯುವವರ ಪದವಿಗೆ ತಕ್ಕಂತೆ ಐದು ಬಗೆಯವಾಗಿದ್ದವು.

- ಚಿನ್ನ: ಉನ್ನತ ಸೇನಾಧಿಕಾರಿಗಳು ಮತ್ತು ಗಣ್ಯರು
- ಚಿನ್ನದ ಲೇಪವಿರುವ ಬೆಳ್ಳಿ: ಹಿರಿಯ ಅಧಿಕಾರಿಗಳು
- ಬೆಳ್ಳಿ: ಕಿರಿಯ ಅಧಿಕಾರಿಗಳು
- ಕಂಚು: ಹವಾಲ್ದಾರ್ ಮೊದಲಾದವರು
- ತವರ: ಸಾಮಾನ್ಯ ಸೈನಿಕರು ಮತ್ತು ಸಿಪಾಯಿಗಳು

ಸಂಖ್ಯೆಯಲ್ಲಿ ಅತಿ ಹೆಚ್ಚು ಮುದ್ರಿತವಾದುದು ತವರದ ಪದಕ.